ಎದುರಾಳಿಗೆ ಕೊಟ್ಟ ಸ್ಪಾರ್ಕ್ ಪ್ಲಗ್



ದಾರಿಯಲ್ಲಿ ಬೈಕಿನ ಪ್ಲಗ್ ಕೆಟ್ಟರೆ ನಾವು ಗಾಡಿ ತಳ್ಳಿಕೊಂಡು ಮೆಕ್ಯಾನಿಕ್ ಬಳಿಗೆ ಹೋಗುತ್ತೇವೆ. ಒಂದೇ ಎಂಜಿನ್ ಇರುವ ಪುಟ್ಟ ವಿಮಾನದಲ್ಲಿ ಅದೇ ತೊಂದರೆಯಾದರೆ? ಅಲ್ಲಿ ತಳ್ಳಲು ರಸ್ತೆಯೂ ಇಲ್ಲ, ಕೂಗಿದರೆ ಬರುವವರೂ ಇಲ್ಲ. ಇಂಥ ವಿಮಾನಗಳಲ್ಲಿ ಹಾರಿ ದೇಶಕ್ಕೆ ವಿಮಾನಯಾನದ ದಾರಿ ತೋರಿದವರು ಜೆ.ಆರ್.ಡಿ. ಟಾಟಾ.

ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ ಹುಟ್ಟಿದ್ದು 1904ರ ಜುಲೈ 29ರಂದು ಪ್ಯಾರಿಸ್‌ನಲ್ಲಿ. ತಂದೆ ಪಾರಸಿ, ತಾಯಿ ಫ್ರೆಂಚ್ ಮಹಿಳೆ. ಬಾಲ್ಯದಿಂದಲೇ ಅವರಿಗೆ ಹಾರಾಟದ ಹುಚ್ಚು. ಬಾಂಬೆ ಫ್ಲೈಯಿಂಗ್ ಕ್ಲಬ್‌ನಲ್ಲಿ ಕಲಿತು, 1929ರ ಫೆಬ್ರವರಿ 10ರಂದು ಭಾರತದಲ್ಲಿ ನೀಡಲಾದ ಮೊದಲ ಪೈಲಟ್ ಲೈಸೆನ್ಸ್ ಪಡೆದರು.

ಹಾರಾಟದಲ್ಲಿ ಬಹಳ ಅಪಾಯದ ಗಳಿಗೆ ಯಾವುದು ಗೊತ್ತೇ? ವಿಮಾನ ನೆಲಬಿಟ್ಟ ಮೊದಲ ಒಂದೆರಡು ನಿಮಿಷ. ಎತ್ತರ ಕಡಿಮೆ, ವೇಗವೂ ಕಡಿಮೆ. ಆಗ ಎಂಜಿನ್ ನಿಂತರೆ, ಹಿಂದೆಯೇ ಇರುವ ನಿಲ್ದಾಣಕ್ಕೆ ತಿರುಗಿಬಿಡೋಣ ಎಂದು ಮನಸ್ಸು ಎಳೆಯುತ್ತದೆ. ಆದರೆ ತಿರುಗುವಾಗ ಇದ್ದ ಎತ್ತರವೂ ಕರಗುತ್ತದೆ, ವೇಗ ತಗ್ಗಿದರೆ ವಿಮಾನ ಕಲ್ಲಿನಂತೆ ಬೀಳುತ್ತದೆ. ಆದ್ದರಿಂದ ಪೈಲಟ್ ಕೂಡಲೇ ಮೂತಿಯನ್ನು ಕೆಳಗಿಳಿಸಿ ವೇಗ ಉಳಿಸಿಕೊಳ್ಳಬೇಕು, ಎದುರಿಗೆ ಕಾಣುವ ಬಯಲಿನಲ್ಲೇ ಇಳಿಯಬೇಕು. ಅಲ್ಲಿ ಯೋಚಿಸುತ್ತ ಕೂರಲು ಸಮಯವಿಲ್ಲ. ಅದಕ್ಕೇ ಇಂಧನ, ಆಯಿಲ್, ಪ್ಲಗ್ ಎಲ್ಲವನ್ನೂ ನೆಲದ ಮೇಲೆಯೇ ಪರೀಕ್ಷಿಸಿ ಏರಬೇಕು.

1930ರಲ್ಲಿ ಆಗಾ ಖಾನ್ ಅವರ ಒಂದು ಬಹುಮಾನಕ್ಕಾಗಿ ಪೈಪೋಟಿ ನಡೆಯಿತು. ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಂದು ತಿಂಗಳೊಳಗೆ ಒಬ್ಬಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ 500 ಪೌಂಡ್. ಜೆ.ಆರ್.ಡಿ. ಕರಾಚಿಯಿಂದ ಹೊರಟರು. ಆಸ್ಪಿ ಎಂಜಿನಿಯರ್ ಎಂಬ 17 ವರ್ಷದ ಹುಡುಗ ಇಂಗ್ಲೆಂಡಿನಿಂದ ಹೊರಟಿದ್ದ. ಇಬ್ಬರದೂ ಜಿಪ್ಸಿ ಮಾತ್ ವಿಮಾನ. ಈಜಿಪ್ತಿನ ಅಬೂಕೀರ್‌ನಲ್ಲಿ ಇಳಿದಾಗ ಜೆ.ಆರ್.ಡಿ.ಗೆ ಆಸ್ಪಿ ಅಲ್ಲೇ ಸಿಕ್ಕಿಬಿದ್ದಿರುವುದು ಕಂಡಿತು. ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಕೆಟ್ಟಿತ್ತು, ಬದಲಿ ಪ್ಲಗ್ ಇರಲಿಲ್ಲ.

ಓದುಗರೇ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಸುಮ್ಮನೆ ಮುಂದೆ ಹಾರಿದ್ದರೆ ಗೆಲುವು ಕೈಗೆಟುಕುತ್ತಿತ್ತು. ಯಾರೂ ತಪ್ಪೆನ್ನುತ್ತಿರಲಿಲ್ಲ. ತನ್ನ ಎಂಜಿನ್ನೂ ಮುಂದೆ ಕೈಕೊಡಬಹುದೆಂಬ ಅಳುಕಿಗೂ ಕಾರಣವಿತ್ತು. ಆದರೂ ಜೆ.ಆರ್.ಡಿ. ತಮ್ಮಲ್ಲಿದ್ದ ಹೆಚ್ಚುವರಿ ಪ್ಲಗ್‌ಗಳನ್ನು ಎದುರಾಳಿಗೆ ಕೊಟ್ಟರು. ಆಸ್ಪಿ ಮೊದಲು ಗುರಿ ಮುಟ್ಟಿ ಬಹುಮಾನ ಗೆದ್ದ. ಜೆ.ಆರ್.ಡಿ. ಸ್ವಲ್ಪದರಲ್ಲೇ ಸೋತರು.

ಆ ಪ್ಲಗ್‌ಗಳು ಎಷ್ಟು ದೂರ ಹಾರಿದವು ನೋಡಿ! ಅದೇ ಹುಡುಗ ಮುಂದೆ ಭಾರತೀಯ ವಾಯುಪಡೆ ಸೇರಿ, ಬೆಂಗಳೂರಿನ ಎಚ್.ಎ.ಎಲ್. ಮುಖ್ಯಸ್ಥನಾಗಿ, 1960ರಲ್ಲಿ ವಾಯುಪಡೆಯ ಮುಖ್ಯಸ್ಥನೇ ಆದ.

ಸೋತವರು ಕೈಕಟ್ಟಿ ಕೂರಲಿಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಒಂದೇ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಟಪಾಲು ತಂದರು. ಅಲ್ಲಿಂದ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಅದನ್ನು ಮದ್ರಾಸಿಗೆ ಒಯ್ದರು. ಆ ದಾರಿಯಲ್ಲಿ ವಿಮಾನ ಇಳಿದದ್ದು ಎಲ್ಲಿ ಬಲ್ಲಿರಾ? ನಮ್ಮ ಇಟಗಿಯ ಸೀಮೆಗೆ ನೆರೆಯ ಬಳ್ಳಾರಿಯಲ್ಲಿ! ರೇಡಿಯೋ ಸಹಾಯವೂ ಇಲ್ಲದ ಆ ಪುಟ್ಟ ಟಪಾಲು ಸೇವೆಯೇ ಬೆಳೆದು ಏರ್ ಇಂಡಿಯಾ ಆಯಿತು.

1938ರಲ್ಲಿ ಅವರು ಟಾಟಾ ಸನ್ಸ್ ಅಧ್ಯಕ್ಷರಾದರು. 1953ರಲ್ಲಿ ಏರ್ ಇಂಡಿಯಾ ಸರ್ಕಾರದ ವಶವಾದ ಮೇಲೂ 1978ರವರೆಗೆ ಅದರ ಚುಕ್ಕಾಣಿ ಹಿಡಿದಿದ್ದರು. 1982ರಲ್ಲಿ, 78ರ ವಯಸ್ಸಿನಲ್ಲಿ, ಕರಾಚಿಯಿಂದ ಮುಂಬಯಿಗೆ ಪುಟ್ಟ ವಿಮಾನದಲ್ಲಿ ಮತ್ತೊಮ್ಮೆ ಹಾರಿದರು. 1992ರಲ್ಲಿ ಭಾರತರತ್ನ ಬಂತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ನಿಧನರಾದರು. 2022ರಲ್ಲಿ ಏರ್ ಇಂಡಿಯಾ ಮತ್ತೆ ಟಾಟಾ ಮನೆಗೆ ಮರಳಿತು.

ವಿದ್ಯಾರ್ಥಿಗಳೇ, ಪರೀಕ್ಷೆಯೂ ಒಂದು ಹಾರಾಟವೇ. ಹೊರಡುವ ಮುನ್ನ ನಿಮ್ಮ ಸಿದ್ಧತೆಯನ್ನು ನೀವೇ ಪರೀಕ್ಷಿಸಿಕೊಳ್ಳಿ. ಪಕ್ಕದಲ್ಲಿ ಸಹಪಾಠಿಯೊಬ್ಬ ನೋಟ್ಸ್ ಇಲ್ಲದೆ, ಪುಸ್ತಕವಿಲ್ಲದೆ ನಿಂತಿದ್ದರೆ, ನಿಮ್ಮ ಚೀಲದಲ್ಲಿರುವ ಹೆಚ್ಚುವರಿ ಪ್ಲಗ್ ಅವನ ಕೈಗಿಡಿ. ಅವನು ನಿಮಗಿಂತ ಒಂದು ಅಂಕ ಹೆಚ್ಚು ಪಡೆದರೂ ಚಿಂತೆಯಿಲ್ಲ. ನಿಮ್ಮ ಹಾರಾಟ ಅಲ್ಲಿಗೇ ಮುಗಿಯುವುದಿಲ್ಲ.