ಪಂಡಿತಾ ರಮಾಬಾಯಿ: ಹಿಗ್ಗುತ್ತಲೇ ಹೋದ ಅಂಗಳ

ಚಿಕ್ಕೋಡಿ ತಾಲ್ಲೂಕಿನ ಯಡೂರು ಕೃಷ್ಣೆಯ ದಂಡೆಯ ವೀರಭದ್ರ ಕ್ಷೇತ್ರ. ಅಲ್ಲಿಂದ ರಾಜ್ಯದ ಗಡಿ ದಾಟಿದರೆ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕು. ಆ ತಾಲ್ಲೂಕಿನ ಹೇರವಾಡ ಎಂಬ ಹಳ್ಳಿಯ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ ಒಂದು ನಿರ್ಣಯ ಕೈಗೊಂಡಿತು. ಗಂಡ ಸತ್ತ ಹೆಣ್ಣಿನ ಕುಂಕುಮ ಅಳಿಸುವ, ಬಳೆ ಒಡೆಯುವ, ತಾಳಿ ತೆಗೆಯುವ ಪದ್ಧತಿ ಇನ್ನು ತಮ್ಮೂರಿನಲ್ಲಿ ನಡೆಯಕೂಡದು ಎಂಬುದು ಅದರ ಸಾರ. ಕೆಲವೇ ದಿನಗಳಲ್ಲಿ ಮಹಾರಾಷ್ಟ್ರ ಸರಕಾರ ಈ ಮಾದರಿಯನ್ನು ಉಳಿದ ಊರುಗಳೂ ಅನುಸರಿಸಬೇಕೆಂದು ಸುತ್ತೋಲೆ ಹೊರಡಿಸಿತು. 1889ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಸೇರಿದ್ದ ರಾಷ್ಟ್ರೀಯ ಸಾಮಾಜಿಕ ಪರಿಷತ್ತಿನಲ್ಲಿ, ಗಂಡಸರೇ ತುಂಬಿದ್ದ ಸಭೆಯ ಮುಂದೆ, ವಿಧವೆಯರ ಕೇಶಮುಂಡನದ ವಿರುದ್ಧ ವಿಧವೆಯೊಬ್ಬರೇ ಮಾತನಾಡಿದ್ದರು. ಅವರು ಪಂಡಿತಾ ರಮಾಬಾಯಿ. ಆ ಸಭೆಯಿಂದ ಹೇರವಾಡದ ನಿರ್ಣಯದವರೆಗಿನ ದಾರಿ ಸವೆಯಲು ನೂರ ಮೂವತ್ತೆರಡು ವರ್ಷಗಳೇ ಬೇಕಾದವು.

ಮರಾಠಿ ನಾಡು ರಮಾಬಾಯಿಯವರನ್ನು ತನ್ನವರೆಂದು ಎಣಿಸುತ್ತದೆ. ಹುಟ್ಟಿನಿಂದ ಅವರು ನಮ್ಮ ನೆಲದವರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ ತಪ್ಪಿಗಾಗಿ ಉಡುಪಿಯ ಪಂಡಿತರ ಮುಂದೆ ನಿಂತು ತಮ್ಮನ್ನು ಶಾಸ್ತ್ರಾಧಾರದಿಂದಲೇ ಸಮರ್ಥಿಸಿಕೊಂಡವರು. ಊರಿನ ಮುನಿಸು ತಣಿಯದಿದ್ದಾಗ ಅವರು ತುಂಗಾ ಭದ್ರಾ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡರು. 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದ್ದು ಅಲ್ಲಿ. ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಕೈಬರಿದಾದ ಕುಟುಂಬ ಯಾತ್ರೆ ಹೊರಟಿತು. ನದೀತೀರದ ಕ್ಷೇತ್ರಗಳಲ್ಲಿ, ಗುಡಿಯ ಜಗಲಿಗಳಲ್ಲಿ ಪುರಾಣ ಹೇಳಿ, ಭಕ್ತರು ಕೊಟ್ಟಿದ್ದನ್ನು ಉಂಡು, ಮುಂದಿನ ಊರಿಗೆ ನಡೆಯುವ ಬದುಕು ಅದು. ಯಡೂರಿನಂಥ ಜಾತ್ರೆಯ ಊರುಗಳನ್ನು ಬಲ್ಲವರಿಗೆ ಅದರ ಚಿತ್ರ ಅಪರಿಚಿತವಲ್ಲ.

1874ರ ಬರ ಆ ಬದುಕನ್ನು ಮುರಿಯಿತು. ಭಿಕ್ಷೆ ಬೇಡಲೊಲ್ಲದ, ಕೂಲಿ ಮಾಡಲು ಅರಿಯದ ಆ ಪಂಡಿತ ಕುಟುಂಬದಲ್ಲಿ ಮೊದಲು ತಂದೆ, ಕೆಲವೇ ವಾರಗಳಲ್ಲಿ ತಾಯಿ, ಮರುವರ್ಷ ಅಕ್ಕ ತೀರಿಕೊಂಡರು. ಉಳಿದ ಅಣ್ಣ ಶ್ರೀನಿವಾಸನೊಂದಿಗೆ ರಮಾಬಾಯಿ ಕಾಲ್ನಡಿಗೆಯಲ್ಲೇ ದೇಶ ಸುತ್ತಿದರು. 1878ರಲ್ಲಿ ಕಲಕತ್ತೆಯ ವಿದ್ವಾಂಸರು ಅವರ ಸಂಸ್ಕೃತಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನೂ ಇಲ್ಲವಾದ. ಅದೇ ವರ್ಷ ಜಾತಿಯ ಕಟ್ಟು ಮೀರಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿ ಅವರನ್ನು ಸಿವಿಲ್ ವಿವಾಹವಾದರು. ಎರಡು ವರ್ಷ ತುಂಬುವ ಮೊದಲೇ, 1882ರ ಫೆಬ್ರುವರಿಯಲ್ಲಿ, ಕಾಲರಾ ಅವರ ಗಂಡನನ್ನು ಕೊಂಡೊಯ್ದಿತು. ಇಪ್ಪತ್ತಮೂರರ ಆ ವಿಧವೆಯ ಮಡಿಲಲ್ಲಿ ಮಗಳು ಮನೋರಮಾ.

ಪುಣೆಗೆ ಬಂದ ಅವರು ಆರ್ಯ ಮಹಿಳಾ ಸಮಾಜವನ್ನು ಕಟ್ಟಿದರು. ಹಂಟರ್ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ವಾದಿಸಿದರು. ವೈದ್ಯಕೀಯ ಕಲಿಯುವ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹೋಗಿ, ವಾಂಟೇಜ್‌ನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ನೆಲೆಸಿದರು. ಅದೇ ಸೆಪ್ಟೆಂಬರಿನಲ್ಲಿ ಮಗಳೊಂದಿಗೆ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು.

ಈ ಮತಾಂತರದ ಹಿಂದೆ ಆಮಿಷ ಹುಡುಕಿದವರು ಆಗಲೂ ಇದ್ದರು. ರಮಾಬಾಯಿಯವರೇ ಮುಂದೆ ತಿಳಿಸಿದ ಕಾರಣ ಬೇರೆ. ಸಮಾಜ ಕೆಟ್ಟವರೆಂದು ಹೊರದೂಡಿದ ಹೆಂಗಸರಿಗಾಗಿ ಸನ್ಯಾಸಿನಿಯರು ಲಂಡನ್ನಿನ ಫುಲ್ಹಂನಲ್ಲಿ ನಡೆಸುತ್ತಿದ್ದ ಆಶ್ರಯಧಾಮವನ್ನು ಅವರು ಕಂಡರು. ಶಾಸ್ತ್ರಗಳನ್ನೆಲ್ಲ ಓದಿದ ತಮಗೆ ಅಂಥವರನ್ನು ಕರೆದು ಕೂರಿಸಿಕೊಳ್ಳುವ ಧರ್ಮ ಕಾಣಸಿಕ್ಕಿರಲಿಲ್ಲ ಎಂಬುದು ಅವರನ್ನು ಕಾಡಿತು. ಕೇಳಿದಾಗ ಸನ್ಯಾಸಿನಿಯರು ತೋರಿಸಿದ್ದು, ಬಾವಿಕಟ್ಟೆಯಲ್ಲಿ ಸಮಾರ್ಯದ ಹೆಂಗಸಿನಿಂದ ಯೇಸು ನೀರು ಬೇಡಿದ ಕಥೆಯನ್ನು. ಅನ್ಯಕುಲದ, ಊರವರ ನಾಲಿಗೆಗೆ ಸಿಕ್ಕ ಹೆಣ್ಣಿನೊಡನೆ ಗುರುವೊಬ್ಬ ಸಮಾನವಾಗಿ ಮಾತನಾಡಿದ ಆ ಪ್ರಸಂಗ ಅವರ ನಂಬಿಕೆಯ ಬೀಜವಾಯಿತು.

ನಂಬಿಕೆ ಬಂತೆಂದು ಬುದ್ಧಿಯನ್ನು ಅವರು ಒತ್ತೆಯಿಡಲಿಲ್ಲ. ತ್ರೈಏಕತ್ವದ ಸಿದ್ಧಾಂತವನ್ನು ಪ್ರಶ್ನಿಸಿ ಸನ್ಯಾಸಿನಿಯರೊಂದಿಗೆ ದೀರ್ಘ ಪತ್ರವ್ಯವಹಾರ ನಡೆಸಿದರು. ಚೆಲ್ಟನ್‌ಹ್ಯಾಂನಲ್ಲಿ ಗಂಡು ವಿದ್ಯಾರ್ಥಿಗಳಿಗೆ ಅವರು ಪಾಠ ಹೇಳುವುದು ಸಲ್ಲದೆಂದು ಭಾರತದಲ್ಲಿದ್ದ ಬಿಷಪ್ಪರು ತಡೆದಾಗ, ಒಂದು ಪೌರೋಹಿತ್ಯದ ನೊಗ ಕಳಚಿದ್ದು ಇನ್ನೊಂದಕ್ಕೆ ಕೊರಳೊಡ್ಡಲು ಅಲ್ಲವೆಂದು ನೇರವಾಗಿ ತಿಳಿಸಿದರು. ಸ್ವದೇಶದಲ್ಲಿ ಧರ್ಮದ್ರೋಹಿ, ಪರದೇಶದಲ್ಲಿ ಅವಿಧೇಯೆ ಎನಿಸಿಕೊಳ್ಳುವ ಪಾಡು ಅವರದಾಯಿತು. ಅವರ ಆಯ್ಕೆಯನ್ನು ಬಹಿರಂಗವಾಗಿ ಸಮರ್ಥಿಸಿದ ಕೆಲವರಲ್ಲಿ ಜ್ಯೋತಿಬಾ ಫುಲೆ ಒಬ್ಬರು.

1886ರಲ್ಲಿ ಆನಂದಿಬಾಯಿ ಜೋಶಿಯವರು ವೈದ್ಯ ಪದವಿ ಪಡೆಯುವುದನ್ನು ಕಾಣಲು ಅಮೆರಿಕಕ್ಕೆ ಹೋದ ರಮಾಬಾಯಿ, ಮರುವರ್ಷ ಮೇಲುಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಬಾಸ್ಟನ್ನಿನಲ್ಲಿ ಅವರ ಹೆಸರಿನ ನೆರವಿನ ಸಂಘ ಹುಟ್ಟಿತು. ಅದರ ಹಣದಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಅಲ್ಲಿ ಓದಿದ ಬಾಲವಿಧವೆ ಗೋದೂಬಾಯಿ 1893ರಲ್ಲಿ ಧೋಂಡೊ ಕೇಶವ ಕರ್ವೆಯವರನ್ನು ಮದುವೆಯಾದರು. ಕರ್ವೆಯವರು ಮುಂದೆ ವಿಧವೆಯರ ಆಶ್ರಮವನ್ನೂ ಮಹಿಳಾ ವಿಶ್ವವಿದ್ಯಾಲಯವನ್ನೂ ಕಟ್ಟಿದರು.

ಸದನದ ನಿಯಮ ಧರ್ಮನಿರಪೇಕ್ಷವಾಗಿತ್ತು. ಹಿಂದೂ ಹುಡುಗಿಯರು ತಮ್ಮ ಆಚಾರ ಪಾಲಿಸಲು ಅಡ್ಡಿಯಿರಲಿಲ್ಲ. ಆದರೆ ರಮಾಬಾಯಿ ಬಾಗಿಲು ತೆರೆದಿಟ್ಟು ಮಾಡುತ್ತಿದ್ದ ಪ್ರಾರ್ಥನೆಗೆ ಕೆಲವು ಹುಡುಗಿಯರು ಬಂದು ಕೂತಾಗ ವಿವಾದ ಎದ್ದಿತು. ತಿಲಕರ ಕೇಸರಿ ಕಟುವಾಗಿ ಬರೆಯಿತು. 1893ರಲ್ಲಿ ರಾನಡೆ, ಭಾಂಡಾರ್ಕರ್ ಅವರಂಥ ಹಿತೈಷಿಗಳೇ ಸಲಹಾ ಸಮಿತಿ ಬಿಟ್ಟರು. ಹಲವು ಪೋಷಕರು ಮಕ್ಕಳನ್ನು ಕರೆದೊಯ್ದರು. ಈ ಆಕ್ಷೇಪವನ್ನು ಬರಿಯ ಸಂಕುಚಿತತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆಶ್ರಯಕ್ಕೆ ಬೇರೆ ದಿಕ್ಕಿಲ್ಲದ ಎಳೆಯ ಹೆಣ್ಣಿನ ಮೇಲೆ, ಆಶ್ರಯ ಕೊಟ್ಟವರ ನಂಬಿಕೆ ಬೀರುವ ಪ್ರಭಾವ ಸಣ್ಣದಲ್ಲ. ಆದರೆ ಅದೇ ವಿಧವೆಯರಿಗೆ ಹುಟ್ಟಿದ ಮನೆಯೂ ಸೇರಿದ ಮನೆಯೂ ಬಾಗಿಲು ಮುಚ್ಚಿದ್ದಾಗ ಆಕ್ಷೇಪಿಸಿದವರಲ್ಲಿ ಎಷ್ಟು ಮಂದಿ ತಮ್ಮ ಬಾಗಿಲು ತೆರೆದಿದ್ದರು ಎಂಬ ಪ್ರಶ್ನೆಯೂ ಅಷ್ಟೇ ನ್ಯಾಯದ್ದು.

ಅವರ ಬದುಕಿನ ಹಿರಿಯ ತಿರುವು ಬಂದದ್ದು ಇದರ ನಂತರ. ಅದುವರೆಗೆ ಅವರ ಕಾಳಜಿ ಹೆಚ್ಚಾಗಿ ತಮ್ಮಂಥ ಮೇಲುಜಾತಿಯ ವಿಧವೆಯರ ಸುತ್ತ ಇತ್ತು. 1896-97ರಲ್ಲಿ ಮಧ್ಯ ಪ್ರಾಂತ್ಯಗಳಿಗೆ ಬರ ಬಂದಾಗ, ಹಸಿವಿನಲ್ಲಿ ತಂದೆತಾಯಿಯರನ್ನು ಕಳೆದುಕೊಂಡಿದ್ದ ಆ ಹೆಣ್ಣುಮಗಳಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಬರದ ಊರುಗಳಿಂದ ನೂರಾರು ಹುಡುಗಿಯರನ್ನು ಕರೆತಂದರು. ಯಾರ ಜಾತಿಯನ್ನೂ ಕೇಳುವ ಹೊತ್ತಲ್ಲ ಅದು. ಪುಣೆಯ ಬಳಿಯ ಕೇಡಗಾಂವದಲ್ಲಿ ಮುಕ್ತಿ ಸದನ ಹೀಗೆ ಬೆಳೆಯಿತು. 1900ರ ಬರದ ಹೊತ್ತಿಗೆ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಸಮೀಪ ಬಂದಿತ್ತು. ವಂಚನೆಗೊಳಗಾಗಿ ಹೊರದೂಡಲ್ಪಟ್ಟವರಿಗಾಗಿ ಕೃಪಾ ಸದನ ಬಂತು. ಕುರುಡರಿಗೆ ಬ್ರೈಲ್ ಕಲಿಸುವ ವ್ಯವಸ್ಥೆ ಬಂತು. ದಿಕ್ಕಿಲ್ಲದ ಮುದುಕಿಯರಿಗೂ ಜಾಗ ದೊರೆಯಿತು. ನೇಯ್ಗೆ, ಹೈನುಗಾರಿಕೆ, ಅಚ್ಚುಕೂಟ, ಹೊಲದ ದುಡಿಮೆಗಳನ್ನು ಹೆಂಗಸರೇ ನಡೆಸಿದರು. ಸದನದಲ್ಲಿ ಅನ್ನದ ಜೊತೆಗೆ ಅಕ್ಷರವೂ ಕಸುಬೂ ಸಿಕ್ಕವು.

ಆಳುವವರೂ ಅವರ ಟೀಕೆಯಿಂದ ಪಾರಾಗಲಿಲ್ಲ. 1897ರ ಪ್ಲೇಗಿನ ಕಾಲದಲ್ಲಿ ಪುಣೆಯ ಸರಕಾರಿ ಆಸ್ಪತ್ರೆಯಲ್ಲಿ ಹೆಂಗಸರಿಗಾದ ದುರ್ಗತಿಯನ್ನು ಪತ್ರಿಕೆಗೆ ಬರೆದರು. ಸಂಗತಿ ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಹೋಯಿತು. ಕ್ರೈಸ್ತರಾದ ಮಾತ್ರಕ್ಕೆ ಕ್ರೈಸ್ತ ಸರಕಾರದ ತಪ್ಪಿಗೆ ಅವರು ಕಣ್ಣು ಮುಚ್ಚಲಿಲ್ಲ.

ಕೊನೆಗಾಲದಲ್ಲಿ ಅವರ ಭಕ್ತಿ ತೀವ್ರವಾಯಿತು. 1905ರಲ್ಲಿ ಮುಕ್ತಿಯಲ್ಲಿ ಎದ್ದ ಆಧ್ಯಾತ್ಮಿಕ ಆವೇಶ ದೂರದೇಶಗಳಲ್ಲೂ ಸುದ್ದಿಯಾಯಿತು. ಇಂದಿನ ಉದಾರವಾದಿಗಳಿಗೆ ಆ ರಮಾಬಾಯಿ ಒಗ್ಗದಿರಬಹುದು. ಆದರೂ ಅವರ ಕೈಗೆಲಸದ ಅಳತೆಗೋಲು ಬದಲಾಗಲಿಲ್ಲ. ಅಲ್ಪ ಓದಿನ ಹೆಂಗಸರಿಗೂ ತಿಳಿಯಲೆಂದು ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ತಂದರು. ಮಗಳು ಮನೋರಮಾಳ ಹೊಣೆಯಲ್ಲಿ ಕಲಬುರ್ಗಿಯಲ್ಲಿ ಶಾಲೆಯೂ ಆರಂಭವಾಯಿತು. ಆ ಮಗಳು 1921ರ ಜುಲೈನಲ್ಲಿ ತೀರಿಕೊಂಡಳು. 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಣು ಮುಚ್ಚಿದರು.

ಹೊರಗಿಟ್ಟವರನ್ನು ಒಳಗೆ ಕರೆಯುವುದೇ ಭಕ್ತಿಯ ಪರೀಕ್ಷೆ ಎಂದು ನಂಬಿದ ಈ ಬದುಕನ್ನು ಒಂದೇ ಮತದ ಸ್ವತ್ತಾಗಿ ನೋಡಬೇಕಿಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿಯ ಸೀಮೆ ದೇವದಾಸಿ ಪದ್ಧತಿಯ ನೋವನ್ನು ಹತ್ತಿರದಿಂದ ಬಲ್ಲದು. ದೇವರ ಹೆಸರಿನಲ್ಲಿ ಮುತ್ತು ಕಟ್ಟಿ, ಸಮಾಜದ ಹೆಸರಿನಲ್ಲಿ ದೂರವಿಟ್ಟ ಹೆಣ್ಣುಮಕ್ಕಳು ಅವರು. 1982ರ ಕಾನೂನು ಆ ಪದ್ಧತಿಯನ್ನು ನಿಷೇಧಿಸಿತು. ಸರಕಾರ ಮಾಜಿ ದೇವದಾಸಿಯರಿಗೆ ಮಾಸಾಶನವನ್ನೂ ಕೊಡುತ್ತಿದೆ. ಆದರೆ ಅವರ ಮಗಳ ಮದುವೆಯ ಪಂಕ್ತಿಯಲ್ಲಿ ನೆರೆಯವರು ಕೂತು ಉಣ್ಣುವಂತೆ ಮಾಡುವ ಕಾನೂನು ಯಾವ ಶಾಸನಸಭೆಯಲ್ಲೂ ಆಗುವುದಿಲ್ಲ. ಆ ಪಂಕ್ತಿಗೆ ನಾವೇ ಹೋಗಿ ಕೂರಬೇಕು. ಗುಡಿಗೆ ನಡೆದುಕೊಳ್ಳುವವರಿಗೂ, ಚರ್ಚಿಗೆ ಹೋಗುವವರಿಗೂ, ಎರಡಕ್ಕೂ ಹೋಗದವರಿಗೂ ಈ ಹೊಣೆ ಸಮನಾದದ್ದು.