ಬಿರುಕಿನ ಜಮಾ-ಖರ್ಚು ಬರೆದ ಗ್ರಿಫಿತ್

ಈ ಸಲದ ವ್ಯಕ್ತಿ ಪರಿಚಯಕ್ಕೆ ನಾವು ಆರಿಸಿಕೊಂಡವರು ಕವಿಯಲ್ಲ, ಹೋರಾಟಗಾರರೂ ಅಲ್ಲ. ಅವರು ಇಂಗ್ಲೆಂಡಿನ ಎಂಜಿನಿಯರ್ ಅಲನ್ ಅರ್ನಾಲ್ಡ್ ಗ್ರಿಫಿತ್.

ನಮ್ಮ ಕಡೆ ಬಂಡೆ ಸೀಳುವುದನ್ನು ನೋಡದವರು ಕಡಿಮೆ. ಸಾಲಾಗಿ ಕುಳಿ ಹೊಡೆದು, ಬೆಣೆ ಇಟ್ಟು, ಒಂದೊಂದನ್ನೇ ಸುತ್ತಿಗೆಯಿಂದ ಬಡಿಯುತ್ತಾ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಅಷ್ಟು ದೊಡ್ಡ ಬಂಡೆ ನೆಟ್ಟಗೆ ಎರಡಾಗುತ್ತದೆ. ಅದೇ ಪೆಟ್ಟು ಮೆತು ಕಬ್ಬಿಣಕ್ಕೆ ಬಿದ್ದರೆ ಅದು ನೆಗ್ಗುತ್ತದೆಯೇ ಹೊರತು ಸೀಳುವುದಿಲ್ಲ. ಈ ವ್ಯತ್ಯಾಸ ಏಕೆ ಎಂಬ ಪ್ರಶ್ನೆಗೆ ಉತ್ತರದ ಮೊದಲ ಅರ್ಧವನ್ನು ಕೊಟ್ಟವರು ಗ್ರಿಫಿತ್.

ಅವರು ಹುಟ್ಟಿದ್ದು 1893ರ ಜೂನ್ 13ರಂದು, ಲಂಡನ್ನಿನಲ್ಲಿ. ತಂದೆ ಜಾರ್ಜ್ ಗ್ರಿಫಿತ್ ಹಾರುವ ಹಡಗುಗಳ ಕಥೆ ಬರೆದು ಹೆಸರಾದ ಕಾದಂಬರಿಕಾರ. 1906ರಲ್ಲಿ ತಂದೆ ತೀರಿಕೊಂಡಾಗ ಮಗ ಇನ್ನೂ ಶಾಲೆಯ ಹುಡುಗ. ಮುಂದೆ ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, 1915ರಲ್ಲಿ ಫಾರ್ನ್‌ಬರೋದ ಸರ್ಕಾರಿ ವಿಮಾನ ಕಾರ್ಖಾನೆಗೆ ಸೇರಿದರು. 1917ರಲ್ಲಿ ಜಿ. ಐ. ಟೇಲರ್ ಅವರ ಜೊತೆಗೂಡಿ, ತಿರುಚಿದ ಲೋಹದೊಳಗಿನ ಒತ್ತಡವನ್ನು ಸೋಪಿನ ನೀರಿನ ಪೊರೆಯಿಂದ ಅಳೆಯುವ ವಿಧಾನ ತೋರಿಸಿದರು. ಅದಕ್ಕೇ ಅವರಿಗೆ ಸೋಪುಗುಳ್ಳೆ ಗ್ರಿಫಿತ್ ಎಂಬ ಅಡ್ಡಹೆಸರು ಬಂತು.

ಲೋಹದ ಮೇಲೆ ಸಣ್ಣ ಗೀರು ಬಿದ್ದರೂ ಅದರ ಬಲ ಕುಗ್ಗುವುದೇಕೆ ಎಂಬುದು ಅಂದಿನ ವಿಮಾನ ಎಂಜಿನಿಯರುಗಳ ಚಿಂತೆಯಾಗಿತ್ತು. ಗೀರಿನ ತುದಿ ಚೂಪಾದಷ್ಟೂ ಅಲ್ಲಿ ಒತ್ತಡ ಹೆಚ್ಚು ಎಂದು ಇಂಗ್ಲಿಸ್ ಎಂಬುವರು 1913ರಲ್ಲೇ ಲೆಕ್ಕ ಕೊಟ್ಟಿದ್ದರು. ಆದರೆ ಆ ಲೆಕ್ಕದ ಪ್ರಕಾರ ಒಂದೇ ಆಕಾರದ ದೊಡ್ಡ ಗೀರೂ ಸಣ್ಣ ಗೀರೂ ಸಮಾನ ಅಪಾಯಕಾರಿ. ಅನುಭವ ಹಾಗಿರಲಿಲ್ಲ.

ಗ್ರಿಫಿತ್ ಲೋಹವನ್ನು ಬದಿಗಿಟ್ಟು ಗಾಜನ್ನು ಕೈಗೆತ್ತಿಕೊಂಡರು. ಗಾಜನ್ನು ಕಾಯಿಸಿ ಎಳೆ ಎಳೆದರು. ಒಂದು ಮಿಲಿಮೀಟರ್ ದಪ್ಪದ ಎಳೆಗಿಂತ, ಮಿಲಿಮೀಟರಿನ ಮುನ್ನೂರನೇ ಒಂದು ಭಾಗದಷ್ಟು ತೆಳುವಾದ ಎಳೆ, ಅಷ್ಟೇ ಅಡ್ಡಕೊಯ್ತಕ್ಕೆ ಲೆಕ್ಕ ಹಾಕಿದರೆ, ಸುಮಾರು 20 ಪಟ್ಟು ಗಟ್ಟಿಯಾಗಿತ್ತು. ಅಂದರೆ ಗಾಜು ಸ್ವಭಾವತಃ ದುರ್ಬಲವಲ್ಲ, ಅದರೊಳಗಿನ ಕಣ್ಣಿಗೆ ಕಾಣದ ಬಿರುಕುಗಳು ಅದನ್ನು ದುರ್ಬಲಗೊಳಿಸಿವೆ ಎಂದಾಯಿತು.

ಇನ್ನು ಅವರ ಲೆಕ್ಕ. ಗುಮಾಸ್ತಗಿರಿಯಲ್ಲಿ ಕೂದಲು ನರೆಸಿಕೊಂಡ ನಮಗೆ ಅದು ಜಮಾ-ಖರ್ಚಿನ ಪುಸ್ತಕದಂತೆಯೇ ಕಾಣುತ್ತದೆ. ಎಳೆದು ಹಿಡಿದ ವಸ್ತುವಿನಲ್ಲಿ, ಬಾಗಿಸಿದ ಬಿಲ್ಲಿನಲ್ಲಿರುವಂತೆ, ಶಕ್ತಿ ಕೂಡಿರುತ್ತದೆ. ಬಿರುಕು ಮುಂದೆ ಸರಿದರೆ ಅದರಲ್ಲಿ ಒಂದಿಷ್ಟು ಬಿಡುಗಡೆಯಾಗುತ್ತದೆ, ಅದು ಜಮಾ. ಬಿರುಕಿನ ಎರಡು ಹೊಸ ಮುಖಗಳನ್ನು ತೆರೆಯಲು ಶಕ್ತಿ ಬೇಕು, ಅದು ಖರ್ಚು. ಬಿರುಕು ಚಿಕ್ಕದಿರುವಾಗ ಖರ್ಚೇ ಹೆಚ್ಚು, ಆದ್ದರಿಂದ ಅದು ಇದ್ದಲ್ಲೇ ಇರುತ್ತದೆ. ಒಂದು ಉದ್ದ ದಾಟಿದರೆ ಜಮಾ ಮೇಲಾಗಿ, ಯಾರೂ ಮುಟ್ಟದಿದ್ದರೂ ಓಡುತ್ತದೆ. ಬಿರುಕು ನಾಲ್ಕು ಪಟ್ಟು ಉದ್ದವಾದರೆ ವಸ್ತು ತಡೆಯುವ ಒತ್ತಡ ಅರ್ಧಕ್ಕಿಳಿಯುತ್ತದೆ. ಈ ಪ್ರಬಂಧ 1921ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು.

ಮುಂದೆ ಗ್ರಿಫಿತ್ ಬಿರುಕುಗಳ ಕೆಲಸ ಬಿಟ್ಟು ಎಂಜಿನ್ನುಗಳತ್ತ ಹೊರಳಿದರು. 1926ರಲ್ಲಿ ವಿಮಾನಕ್ಕೆ ಟರ್ಬೈನ್ ಎಂಜಿನ್ ಸಾಧ್ಯ ಎಂದು ತೋರಿಸಿದರು. 1939ರಲ್ಲಿ ರೋಲ್ಸ್ ರಾಯ್ಸ್ ಸೇರಿ 1960ರವರೆಗೆ ದುಡಿದರು. ತಪ್ಪೂ ಮಾಡಿದವರೇ. ಫ್ರಾಂಕ್ ವಿಟ್ಲ್ ಎಂಬ ಯುವಕ ಜೆಟ್ ಎಂಜಿನ್ನಿನ ಯೋಜನೆ ಹಿಡಿದು ಬಂದಾಗ ಲೆಕ್ಕದ ದೋಷ ಎತ್ತಿ ತೋರಿಸಿದರೇ ವಿನಾ ಪ್ರೋತ್ಸಾಹ ಕೊಡಲಿಲ್ಲ.

ಇತ್ತ ಬಿರುಕಿನ ಕಡತ ಕಪಾಟಿನಲ್ಲೇ ಉಳಿಯಿತು. ಅದು ಗಾಜಿಗೆ ಸರಿ, ಉಕ್ಕಿಗೆ ಹೊಂದುವುದಿಲ್ಲ ಎಂದು ಎಂಜಿನಿಯರುಗಳು ಕೈಬಿಟ್ಟಿದ್ದರು. 1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ, ಹೊಸದಾಗಿ ಕಟ್ಟಿದ ಷೆನೆಕ್ಟಡಿ ಎಂಬ ತೈಲದ ಹಡಗು ಶಾಂತ ನೀರಿನಲ್ಲಿ ನಿಂತಲ್ಲೇ ಸೀಳಿ ಹೆಚ್ಚುಕಡಿಮೆ ಎರಡು ಹೋಳಾಯಿತು. ಯುದ್ಧಕಾಲದ ಇನ್ನೂ ಎಷ್ಟೋ ಹಡಗುಗಳು ಹೀಗೇ ಬಿರಿದವು. ಹಿಂದೆ ರಿವೆಟ್ ಹೊಡೆದ ಹಲಗೆಗಳಿದ್ದಾಗ ಬಿರುಕು ಹಲಗೆಯ ಅಂಚಿಗೆ ನಿಲ್ಲುವುದಿತ್ತು. ವೆಲ್ಡಿಂಗ್ ಮಾಡಿದ ಹಡಗಿನಲ್ಲಿ ಅದಕ್ಕೆ ತಡೆ ಇರಲಿಲ್ಲ. ಚಳಿಯಲ್ಲಿ ಆ ಉಕ್ಕೂ ಗಾಜಿನಂತಾಗುತ್ತಿತ್ತು.

ಆಗ ಹಳೆಯ ಕಡತ ಹೊರಬಂತು. ಅಮೆರಿಕದ ಜಾರ್ಜ್ ಇರ್ವಿನ್ ಮತ್ತು ಹಂಗೇರಿ ಮೂಲದ ಎಗಾನ್ ಒರೊವಾನ್ ಉತ್ತರದ ಇನ್ನರ್ಧ ಕೊಟ್ಟರು. ಒಳ್ಳೆಯ ಉಕ್ಕಿನಲ್ಲಿ ಬಿರುಕಿನ ತುದಿಯ ಸುತ್ತ ಲೋಹ ಮಣಿಯುತ್ತದೆ, ತುದಿ ಮೊಂಡಾಗುತ್ತದೆ. ಹಾಗೆ ಮಣಿಯಲು ತಗಲುವ ಶಕ್ತಿ, ಹೊಸ ಮುಖ ತೆರೆಯುವ ಶಕ್ತಿಗಿಂತ ಸಾವಿರ ಪಟ್ಟಿಗೂ ಮೇಲಿರಬಹುದು. ಗ್ರಿಫಿತ್ ಪುಸ್ತಕದಲ್ಲಿ ಬರೆಯದೆ ಉಳಿದ ಖರ್ಚು ಅದೇ. ಬಂಡೆಯಲ್ಲಿ ಆ ಖರ್ಚು ತೀರಾ ಕಡಿಮೆ, ಅದಕ್ಕೇ ಬೆಣೆಗೆ ಸೀಳುತ್ತದೆ.

ತುದಿಯ ಬಳಿ ತಡೆಯುವ ಬಗೆಗಳು ಇನ್ನೂ ಇವೆ. ಗೋಡೆಯ ಮಣ್ಣಿಗೆ ಕಲಸಿದ ಹುಲ್ಲು, ಬಿರುಕು ಹಾದುಹೋದ ಮೇಲೂ ಎರಡು ದಡವನ್ನು ಹಿಡಿದು ನಿಲ್ಲುತ್ತದೆ. ಈಗ ಹಲ್ಲಿಗೆ ಹಾಕುವ ಜಿರ್ಕೋನಿಯಾದಲ್ಲಿ, ಬಿರುಕು ಹತ್ತಿರ ಬಂದಾಗ ಅಲ್ಲಿಯ ಕಣಗಳು ಹಿಗ್ಗಿ ಅದನ್ನು ಅದುಮುತ್ತವೆ.

1954ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಎರಡು ಕಾಮೆಟ್ ವಿಮಾನಗಳು ಇಟಲಿಯ ಬಳಿ ಸಮುದ್ರಕ್ಕೆ ಬಿದ್ದು 56 ಜನ ಸತ್ತರು. ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು ಮತ್ತೆ ಮತ್ತೆ ಒತ್ತಡ ಕೊಟ್ಟು, ಬೆಳೆಯುವ ಬಿರುಕೇ ಕಾರಣವೆಂದು ಪತ್ತೆ ಮಾಡಿದ್ದು ಫಾರ್ನ್‌ಬರೋದಲ್ಲೇ, ಗ್ರಿಫಿತ್ ಗಾಜಿನ ಎಳೆ ಎಳೆದ ಊರಿನಲ್ಲೇ. ಗ್ರಿಫಿತ್ 1963ರ ಅಕ್ಟೋಬರ್ 13ರಂದು ತೀರಿಕೊಂಡರು.

ಕಡತ ಮುಚ್ಚಿದರೆ ಸಮಸ್ಯೆ ಮುಗಿಯಿತು ಎಂದುಕೊಳ್ಳುವ ಅಭ್ಯಾಸ ಕಚೇರಿಗಳಲ್ಲಿದ್ದ ನಮಗೂ ಇತ್ತು. ಸದಸ್ಯರಲ್ಲಿ ನಮ್ಮ ಕೋರಿಕೆ ಒಂದೇ. ನಿಮ್ಮ ಮನೆಯ, ಮಕ್ಕಳ ಶಾಲೆಯ ಗೋಡೆಯಲ್ಲೋ ಸೂರಿನಲ್ಲೋ ಬಿರುಕು ಕಂಡರೆ ಸುಣ್ಣ ಬಳಿದು ಮರೆಮಾಡಬೇಡಿ. ಅದರ ತುದಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ. ತಿಂಗಳು ಬಿಟ್ಟು ನೋಡಿ. ಗೆರೆ ದಾಟಿದ್ದರೆ ತಿಳಿದವರನ್ನು ಕರೆಸಿ.

— ಕಾರ್ಯದರ್ಶಿ