ಕಾಣದ ವೈರಿಯನ್ನು ಅರಸಿ ಬಂದ ಸ್ಯಾಮುವೆಲ್ ಹೆಬಿಕ್

ಬಾಸೆಲ್ ಮಿಶನ್ ಎಂದೊಡನೆ ಕನ್ನಡಿಗರಾದ ನಮಗೆ ನೆನಪಾಗುವವರು ಇಬ್ಬರು: 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದ ಹೆರ್ಮನ್ ಮೊಗ್ಲಿಂಗ್ ಮತ್ತು 1894ರಲ್ಲಿ ಕನ್ನಡ ನಿಘಂಟನ್ನು ಬೆಳಕಿಗೆ ತಂದ ಫರ್ಡಿನಾಂಡ್ ಕಿಟ್ಟೆಲ್. ನಮ್ಮ ಮಲೆಯಾಳಿ ನೆರೆಹೊರೆಯವರು ಹೆರ್ಮನ್ ಗುಂಡರ್ಟರನ್ನು ನೆನೆಯುತ್ತಾರೆ. ಇವರೆಲ್ಲರಿಗಿಂತ ಮೊದಲೇ ಈ ಕರಾವಳಿಗೆ ಬಂದಿಳಿದವರು ಸ್ಯಾಮುವೆಲ್ ಹೆಬಿಕ್. ಕನ್ನಡದ ಮಂಗಳೂರಿನಲ್ಲಿ ಏಳು ವರ್ಷ, ಮಲೆಯಾಳದ ಕಣ್ಣೂರಿನಲ್ಲಿ ಹದಿನೆಂಟು ವರ್ಷ ದುಡಿದವರು. ಅವರು ನಿಘಂಟು ಬರೆಯಲಿಲ್ಲ, ಪತ್ರಿಕೆ ನಡೆಸಲಿಲ್ಲ. ಕಣ್ಣಿಗೆ ಕಾಣದ ದುಷ್ಟಶಕ್ತಿಯೊಡನೆ ಹೋರಾಡುವುದಕ್ಕೆಂದೇ ತಾವು ಬಂದವರು ಎಂದು ನಂಬಿ, ಆ ನಂಬಿಕೆಯಲ್ಲೇ ಬಾಳಿ ಕಣ್ಮುಚ್ಚಿದರು. ಆ ಹೋರಾಟದಲ್ಲಿ ಅವರು ಗೆದ್ದದ್ದೆಲ್ಲಿ, ಎಡವಿದ್ದೆಲ್ಲಿ ಎಂಬುದನ್ನು ತಿಳಿಯುವುದು ಅನೇಕ ಮತ, ಅನೇಕ ಭಾಷೆಗಳ ನಡುವೆ ಬದುಕುವ ನಮಗೆ ಪ್ರಯೋಜನಕಾರಿ ಎಂದು ನಮ್ಮ ಅಭಿಪ್ರಾಯ.

ಬಾಲ್ಯ ಮತ್ತು ದೀಕ್ಷೆ

ಹೆಬಿಕರು ಹುಟ್ಟಿದ್ದು 1803ನೆಯ ಇಸವಿ ಎಪ್ರಿಲ್ 29ರಂದು, ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ ಉಲ್ಮ್ ನಗರದ ಸಮೀಪದ ನೆಲ್ಲಿಂಗೆನ್ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ. ಹದಿಹರೆಯದಲ್ಲೇ ಊರು ಬಿಟ್ಟ ಹುಡುಗ ಉತ್ತರದ ಲೂಬೆಕ್ ಬಂದರಿನಲ್ಲಿ ವ್ಯಾಪಾರ ಕಲಿತ. ಬಹುಕಾಲ ಮನಸ್ಸಿನೊಳಗೆ ತೊಳಲಾಡಿ, 1821ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ತನ್ನ ಪಾಪಗಳಿಗೆ ಕ್ಷಮೆ ದೊರೆಯಿತೆಂಬ ದೃಢ ವಿಶ್ವಾಸಕ್ಕೆ ಬಂದ. ಬಳಿಕ ವ್ಯಾಪಾರಕ್ಕಾಗಿ ಸ್ವೀಡನ್, ಫಿನ್ಲೆಂಡ್ ದೇಶಗಳಲ್ಲಿ ಓಡಾಡುತ್ತಿದ್ದಾಗಲೂ ಅವರ ಲೆಕ್ಕದ ಪುಸ್ತಕದ ಪಕ್ಕದಲ್ಲಿ ವೇದಪುಸ್ತಕವಿತ್ತು. 1831ರಲ್ಲಿ ವ್ಯಾಪಾರಕ್ಕೆ ವಿದಾಯ ಹೇಳಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಶಾಲೆಯನ್ನು ಸೇರಿದರು.

ಆ ಶಾಲೆಯಲ್ಲಿ ಆಗ ಪಾಠ ಹೇಳುತ್ತಿದ್ದವರಲ್ಲಿ ಯೋಹಾನ್ ಕ್ರಿಸ್ಟೋಫ್ ಬ್ಲುಮ್‌ಹಾರ್ಟ್ ಒಬ್ಬರು. ಮುಂದೆ ಇವರು ಮ್ಯೋಟ್ಲಿಂಗೆನ್ ಎಂಬ ಹಳ್ಳಿಯ ಪಾದ್ರಿಯಾದಾಗ ಗೊಟ್ಲೀಬಿನ್ ಡಿಟ್ಟುಸ್ ಎಂಬ ಬಡ ಹೆಣ್ಣುಮಗಳಿಗೆ ಪಿಶಾಚಿಯ ಬಾಧೆ ಉಂಟೆಂದು ನಂಬಿ, ಸುಮಾರು ಎರಡು ವರ್ಷ ಪ್ರಾರ್ಥನೆ ಉಪವಾಸಗಳಿಂದ ಆಕೆಯ ಜೊತೆ ನಿಂತರು. 1843ರ ಡಿಸೆಂಬರಿನಲ್ಲಿ ಆಕೆ ಗುಣಮುಖಳಾದಳು. ಆ ಸುದ್ದಿ ಜರ್ಮನಿಯ ಭಕ್ತವರ್ಗದಲ್ಲೆಲ್ಲ ಹರಡಿತು. ಅದು ವೈದ್ಯರ ಕಣ್ಣಿಗೆ ಯಾವ ಕಾಯಿಲೆಯಾಗಿ ತೋರುತ್ತಿತ್ತೋ ಏನೋ, ಆ ಚರ್ಚೆ ಇಲ್ಲಿ ಬೇಡ. ಹೆಬಿಕರು ಯಾವ ಗಾಳಿಯಲ್ಲಿ ಬೆಳೆದವರು ಎಂಬುದು ಇದರಿಂದ ತಿಳಿದರೆ ಸಾಕು. ಆ ಮಂದಿಗೆ ಸೈತಾನನು ಕಥೆಯ ಪಾತ್ರವಲ್ಲ. ಬಾಗಿಲಿನ ಹೊರಗೆ ನಿಂತ ವೈರಿ.

ಕ್ರೈಸ್ತರ ನಂಬಿಕೆ

ಕ್ರೈಸ್ತರ ನಂಬಿಕೆಯಂತೆ ಸೈತಾನನು ದೇವರಿಗೆ ಸಮಾನನಾದ ಇನ್ನೊಂದು ಶಕ್ತಿಯಲ್ಲ. ದೇವರ ಸೃಷ್ಟಿಯೇ ಆಗಿದ್ದು, ಅಹಂಕಾರದಿಂದ ಬಿದ್ದುಹೋದ ದೂತನು. ಕ್ರಿಸ್ತನ ಶಿಲುಬೆಯ ಮೇಲೆ ಅವನ ಸೋಲು ನಿಶ್ಚಯವಾಗಿದೆ. ಆದರೂ ಲೋಕಾಂತ್ಯದವರೆಗೆ ಮನುಷ್ಯನನ್ನು ಕೆಡಿಸಲು ಹವಣಿಸುತ್ತಲೇ ಇರುತ್ತಾನೆ. ಎಫೆಸದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ ಈ ಯುದ್ಧದ ಆಯುಧಗಳ ಪಟ್ಟಿಯೇ ಇದೆ. ಸತ್ಯದ ನಡುಕಟ್ಟು, ನೀತಿಯ ಕವಚ, ಸಮಾಧಾನದ ಕೆರ, ನಂಬಿಕೆಯ ಗುರಾಣಿ, ರಕ್ಷಣೆಯ ಶಿರಸ್ತ್ರಾಣ, ದೇವರ ವಾಕ್ಯವೆಂಬ ಕತ್ತಿ. ಹೊಡೆಯುವ ಆಯುಧ ಒಂದೇ, ಅದೂ ವಾಕ್ಯ. ಉಳಿದವೆಲ್ಲ ತನ್ನನ್ನು ಕಾಯುವಂಥವು. ಹೋರಾಟವು ರಕ್ತಮಾಂಸವುಳ್ಳ ಮನುಷ್ಯರ ಮೇಲಲ್ಲ ಎಂದೂ ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಓದುಗರು ಈ ಮಾತನ್ನು ನೆನಪಿನಲ್ಲಿಡಬೇಕು.

ಈ ನಂಬಿಕೆ ನಮ್ಮ ದಕ್ಷಿಣಕ್ಕೆ ಹೆಬಿಕರಿಂದ ಬಂದದ್ದೂ ಅಲ್ಲ. ಮಧುರೆಯಲ್ಲಿ ಡಿ ನೊಬಿಲಿ ಪಾದ್ರಿಯವರು ಕೆಲಸ ತೊಡಗಿದ್ದು 1606ರಲ್ಲಿ. ಆ ಕಡೆಯ ತೇನಿ, ದಿಂಡಿಗಲ್ ಜಿಲ್ಲೆಗಳಲ್ಲಿ, ಹನುಮಂತನಪಟ್ಟಿಯಿರುವ ಕಂಬಂ ಕಣಿವೆಯಲ್ಲಿ, ನಮ್ಮಂತೆಯೇ ಕನ್ನಡ ಮನೆಮಾತಿನ ಕುಟುಂಬಗಳು ಬೇರೆ ಭಾಷೆಯವರ ನಡುವೆ ತಲೆಮಾರುಗಳಿಂದ ಬಾಳುತ್ತಿವೆ. ಇನ್ನೂ ದಕ್ಷಿಣಕ್ಕೆ ಹೋದರೆ ಉವರಿ, ಪುಳಿಯಂಪಟ್ಟಿಗಳ ಸಂತ ಅಂತೋನಿಯವರ ದೇವಾಲಯಗಳಿಗೆ ಬಾಧೆಯುಳ್ಳವರೆಂದು ಮನೆಮಂದಿ ತಿಳಿದವರನ್ನು ಜಾತಿಮತಭೇದವಿಲ್ಲದೆ ಕರೆತರುತ್ತಾರೆ. ಕಥೋಲಿಕ ಸಭೆಯ ನಿಯಮ ಮಾತ್ರ ಬಿಗಿಯಾದದ್ದು: ಬಿಷಪರ ಅಪ್ಪಣೆಯಿಲ್ಲದೆ ಯಾವ ಪಾದ್ರಿಯೂ ಭೂತೋಚ್ಚಾಟನೆಗೆ ಕೈಹಾಕುವಂತಿಲ್ಲ. 1999ರಲ್ಲಿ ಪರಿಷ್ಕರಿಸಿದ ವಿಧಿಯು ಕಾಯಿಲೆಯನ್ನು ಪಿಶಾಚಿ ಎಂದು ಭ್ರಮಿಸಬಾರದೆಂದು ಎಚ್ಚರಿಸುತ್ತದೆ. ಹೆಬಿಕರಂಥ ಪ್ರೊಟೆಸ್ಟೆಂಟರಲ್ಲಿ ಇಂಥ ವಿಧಿಗಳಿಲ್ಲ. ಪ್ರಾರ್ಥನೆ ಮತ್ತು ಉಪದೇಶ, ಇವೆರಡೇ ಅವರ ಬಲ.

ಮಂಗಳೂರಿನಲ್ಲಿ

ಇಂಗ್ಲಿಷರಲ್ಲದ ಮಿಶನರಿಗಳೂ ಕಂಪೆನಿಯ ಸೀಮೆಯಲ್ಲಿ ನೆಲೆಸಲು 1833ರ ಕಾಯಿದೆ ಅವಕಾಶ ಕೊಟ್ಟಿತು. ಮರುವರ್ಷವೇ ಹೆಬಿಕರು ಲೇನರ್, ಗ್ರೈನರ್ ಎಂಬಿಬ್ಬರು ಜೊತೆಗಾರರೊಡನೆ ಹೊರಟು, 1834ರ ಅಕ್ಟೋಬರ್ 14ರಂದು ಕಲ್ಲಿಕೋಟೆಯಲ್ಲಿ ಇಳಿದು, ಅದೇ ತಿಂಗಳ 30ರಂದು ಮಂಗಳೂರು ತಲುಪಿದರು. ಹೆಬಿಕರು ಕನ್ನಡ ಕಲಿತರು. ಮಿಶನಿನ ಮೊದಲ ಕನ್ನಡ ಶಾಲೆ 1836ರಲ್ಲಿ ಆರಂಭವಾಯಿತು. ಮರುವರ್ಷ ಧಾರವಾಡದಲ್ಲೂ ಮಿಶನಿನ ಠಾಣ್ಯವಾಯಿತು.

ತುಳುನಾಡಿನಲ್ಲಿ ಅವರು ಕಂಡದ್ದು ಮನೆಮನೆಯಲ್ಲೂ ಭೂತದ ಕೋಣೆ, ಊರೂರಿಗೂ ಭೂತಸ್ಥಾನ. ತಾವು ಹುಡುಕುತ್ತಿದ್ದ ವೈರಿ ಇಲ್ಲೇ ಸಿಕ್ಕಿದನೆಂದು ಅವರಿಗೂ ಸಂಗಡಿಗರಿಗೂ ಅನ್ನಿಸಿತು. ಇಲ್ಲಿಯೇ ಅವರು ಎಡವಿದ್ದು. ಪಂಜುರ್ಲಿಯಾಗಲಿ ಬೊಬ್ಬರ್ಯನಾಗಲಿ ತುಳುವನ ಪಾಲಿಗೆ ಕೇಡಿನ ಒಡೆಯನಲ್ಲ. ಕುಟುಂಬವನ್ನು ಕಾಯುವ, ತಪ್ಪಿದರೆ ದಂಡಿಸುವ, ಜಗಳಕ್ಕೆ ನ್ಯಾಯ ಹೇಳುವ ದೈವ. ಕಲ್ಕುಡ ಕಲ್ಲುರ್ಟಿಯರಂತೂ ಅರಸನ ಅನ್ಯಾಯಕ್ಕೆ ಬಲಿಯಾದವರು. ಸಾಮಾನ್ಯ ಜನರ ದುಃಖವೇ ಅಲ್ಲಿ ದೈವವಾಗಿ ನಿಂತಿದೆ.

ಮಾತಿನ ತೊಡಕೂ ಸೇರಿಕೊಂಡಿತು. ಪರದೇಶದ ಗ್ರಂಥದಲ್ಲಿನ ದುಷ್ಟಾತ್ಮಕ್ಕೆ ಕನ್ನಡದಲ್ಲಿ ಹೆಸರು ಬೇಕಾದಾಗ ದೆವ್ವ, ಪಿಶಾಚಿ ಎಂಬ ಮಾತುಗಳು ಬಳಕೆಗೆ ಬಂದವು. ದೆವ್ವ ಎಂಬುದು ದೈವದ ತದ್ಭವ ಎಂಬುದನ್ನು ನಮ್ಮ ಹೈಸ್ಕೂಲಿನ ಮಕ್ಕಳೂ ವ್ಯಾಕರಣದಲ್ಲಿ ಕಲಿಯುತ್ತಾರೆ. ಒಂದೇ ಬೇರಿನ ಮಾತು ಒಬ್ಬರಿಗೆ ಪೂಜ್ಯ, ಇನ್ನೊಬ್ಬರಿಗೆ ಶತ್ರು ಆಯಿತು.

ಕಣ್ಣೂರಿನ ವರ್ಷಗಳು

1841ರಲ್ಲಿ ಹೆಬಿಕರು ಕಣ್ಣೂರಿಗೆ ಹೋದರು. ಅದು ದಂಡಿನ ಊರು. ಮಲೆಯಾಳ ಅವರಿಗೆ ಎಂದೂ ಸರಿಯಾಗಿ ಒಲಿಯಲಿಲ್ಲ; ದುಭಾಷಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಉಪದೇಶ ಮಾಡಿದರು. ಇಂಗ್ಲಿಷೂ ಅಷ್ಟಕ್ಕಷ್ಟೇ. ಎತ್ತರದ ಆಳು, ಉದ್ದನೆಯ ಗಡ್ಡ, ಕೈಯಲ್ಲಿ ದೊಡ್ಡ ಕೊಡೆ. ಉರಿಬಿಸಿಲಿನಲ್ಲಿ ಕರೆಯದೆಯೇ ಬಿಳಿಯ ಅಧಿಕಾರಿಗಳ ಬಂಗಲೆಗೆ ನುಗ್ಗಿ, ಕಪಾಟಿನಲ್ಲಿ ಧೂಳು ಹಿಡಿದ ವೇದಪುಸ್ತಕವನ್ನು ಅವರ ಕೈಯಿಂದಲೇ ತೆಗೆಸಿ, ಸೃಷ್ಟಿಯ ಮೊದಲಿನ ಕತ್ತಲೆಯ ಭಾಗವನ್ನು ಓದಿಸಿ, ಆ ಕತ್ತಲೆ ಇರುವುದು ನಿಮ್ಮೆದೆಯಲ್ಲಿ ಎಂಬರ್ಥದಲ್ಲಿ ವಿವರಿಸುತ್ತಿದ್ದರು. ನಕ್ಕವರು ಅನೇಕರು, ಕುಡಿತ, ಜೂಜು ಬಿಟ್ಟು ಬದಲಾದವರೂ ಉಂಟು. ಆಳುವ ಜನಾಂಗದವರಲ್ಲಿಯೂ ಸೈತಾನನನ್ನು ಕಂಡ ಈ ಧೈರ್ಯವನ್ನು ನಾವು ಮೆಚ್ಚಬೇಕು.

ಪ್ರತಿವರ್ಷ ತಳಿಪರಂಬ, ಪಯ್ಯಾವೂರುಗಳ ಉತ್ಸವಕ್ಕೆ ತಂಡ ಕಟ್ಟಿಕೊಂಡು ಹೋಗಿ, ಜನಜಂಗುಳಿಯ ನಡುವೆ ನಿಂತು ಉಪದೇಶ ಮಾಡುವುದು ಅವರ ವಾಡಿಕೆ. ಮಣ್ಣು, ಸಗಣಿ, ಕಲ್ಲುಗಳು ತೂರಿಬಂದವು. ಅವರು ತಿರುಗಿ ಹೊಡೆಯಲಿಲ್ಲ, ಮರುವರ್ಷ ಬರುವುದನ್ನೂ ಬಿಡಲಿಲ್ಲ. ಹೋರಾಟ ಮನುಷ್ಯರ ಮೇಲಲ್ಲ ಎಂಬ ಉಪದೇಶವನ್ನು ಅವರು ಇಷ್ಟರಮಟ್ಟಿಗೆ ಪಾಲಿಸಿದರು. ಆದರೆ ಭಕ್ತಿಯಿಂದ ಸೇರಿದ ಜನರ ನಡುವೆ ನಿಂತು ಅವರ ದೇವರನ್ನು ಸೈತಾನನೆಂದು ಕರೆದರೆ ಆ ಪೆಟ್ಟು ಬೀಳುವುದು ಯಾರ ಮೇಲೆ? ಸೈತಾನನ ಮೇಲಲ್ಲ, ಎದುರಿಗೆ ನಿಂತ ಮನುಷ್ಯನ ಎದೆಯ ಮೇಲೆಯೇ. ಹೆಬಿಕರಿಗೆ ಇದು ತೋಚಲಿಲ್ಲ.

ಹೃದಯದ ಚಿತ್ರಗಳು

ಅವರ ಕೈಯಲ್ಲಿ ಇನ್ನೊಂದು ಸಾಧನವಿತ್ತು. ಗೊಸ್ನರ್ ಎಂಬ ಜರ್ಮನ್ ಪಾದ್ರಿ 1812ರಲ್ಲಿ ಪ್ರಕಟಿಸಿದ ಹೃದಯದ ಪುಸ್ತಕ. ಅದರಲ್ಲಿ ಹತ್ತು ಚಿತ್ರಗಳು. ಮೊದಲನೆಯದರಲ್ಲಿ ದೊಡ್ಡದೊಂದು ಹೃದಯ, ಅದರ ನಡುವೆ ಸೈತಾನ, ಸುತ್ತಲೂ ಪ್ರಾಣಿಗಳು: ಗರ್ವಕ್ಕೆ ನವಿಲು, ಕಾಮಕ್ಕೆ ಆಡು, ಹೊಟ್ಟೆಬಾಕತನಕ್ಕೆ ಹಂದಿ, ಆಲಸ್ಯಕ್ಕೆ ಆಮೆ, ಕ್ರೋಧಕ್ಕೆ ಹುಲಿ, ಮತ್ಸರಕ್ಕೆ ಹಾವು. ದೇವರಾತ್ಮದ ಪಾರಿವಾಳ ಹೊರಗೆ. ಮುಂದಿನ ಚಿತ್ರಗಳಲ್ಲಿ ಬೆಳಕು ಒಳಹೊಕ್ಕಂತೆ ಪ್ರಾಣಿಗಳು ಒಂದೊಂದಾಗಿ ಹೊರಗೋಡುತ್ತವೆ. ಎಚ್ಚರ ತಪ್ಪಿದರೆ ಇನ್ನಷ್ಟು ದುಷ್ಟಾತ್ಮಗಳನ್ನು ಕೂಡಿಕೊಂಡು ಮರಳುತ್ತವೆ.

ಹೆಬಿಕರು ಈ ಚಿತ್ರಗಳನ್ನು ತೋರಿಸಿ ಗಂಟೆಗಟ್ಟಲೆ ಮಾತನಾಡುತ್ತಿದ್ದರು. ಅಕ್ಷರ ಬಾರದವರಿಗೂ ಅರ್ಥವಾಗುತ್ತಿತ್ತು. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರಗಳೆಂಬ ಆರು ವೈರಿಗಳ ವಿಷಯ ಕೇಳಿ ಬೆಳೆದ ನಮ್ಮವರಿಗೆ ಇದು ಪರದೇಶದ ಪಾಠ ಎನ್ನಿಸುವ ಹಾಗಿಲ್ಲ. ಉತ್ಸವದ ಗದ್ದೆಯಲ್ಲಿ ಜನರನ್ನು ಕೆರಳಿಸಿದ ಹೆಬಿಕರು ಈ ಚಿತ್ರಗಳ ಮುಂದೆ ನಿಂತಾಗ ಯುದ್ಧಭೂಮಿಯೇ ಬದಲಾಗುತ್ತಿತ್ತು. ವೈರಿ ಪಕ್ಕದವನ ಗುಡಿಯಲ್ಲಿಲ್ಲ, ಕೇಳುವವನ ಎದೆಯಲ್ಲಿದ್ದಾನೆ. ಹೇಳುವವನ ಎದೆಯಲ್ಲಿಯೂ ಇದ್ದಾನೆ. ಹೆಬಿಕರು ಗೆದ್ದ ಸ್ಥಳ ಇದು.

ಕೊನೆಯ ದಿನಗಳು

ದೇಹಸ್ಥಿತಿ ಕೆಟ್ಟು 1859ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಇಪ್ಪತ್ತೈದು ವರ್ಷಗಳಲ್ಲಿ ಒಮ್ಮೆಯೂ ಊರಿಗೆ ಹೋಗಿರಲಿಲ್ಲ, ಮದುವೆಯೂ ಆಗಿರಲಿಲ್ಲ. ಅಲ್ಲಿಯೂ ಊರೂರು ಸುತ್ತಿ ಉಪದೇಶಿಸಿದರು. 1868ರ ಮೇ 21ರಂದು ಸ್ಟುಟ್‌ಗಾರ್ಟಿನಲ್ಲಿ ತೀರಿಕೊಂಡರು; ಸಮಾಧಿ ಕೋರ್ನ್‌ಟಾಲಿನಲ್ಲಿದೆ. ಅವರು ಬೆಳೆಸಿದ ಕಣ್ಣೂರಿನ ಸಭೆ ಇಂದು ದಕ್ಷಿಣ ಭಾರತ ಸಭೆಯ ಅಂಗವಾಗಿದೆ.

ಅವರು ತೀರಿಕೊಂಡ ಹದಿನೆಂಟು ವರ್ಷಗಳ ಮೇಲೆ, 1886ರಲ್ಲಿ, ಅದೇ ಬಾಸೆಲ್ ಮಿಶನಿನ ಮಂಗಳೂರು ಮುದ್ರಣಾಲಯದಿಂದ ಮ್ಯಾನರ್ ಪಾದ್ರಿಯವರು ಸಂಗ್ರಹಿಸಿದ ತುಳು ಪಾಡ್ದನಗಳು ಪುಸ್ತಕವಾಗಿ ಹೊರಬಂದವು. ಯಾವ ಭೂತಗಳನ್ನು ಸೈತಾನನ ಸೇನೆ ಎಂದು ಹಿಂದಿನವರು ತಿಳಿದಿದ್ದರೋ ಅವುಗಳ ಹುಟ್ಟುಕಥೆಗಳನ್ನೇ ಮುಂದಿನವರು ಕೇಳಿ, ಬರೆದುಕೊಂಡು, ಅಚ್ಚು ಮಾಡಿಸಿದರು. ಮ್ಯಾನರರು ಮತ ಬದಲಾಯಿಸಲಿಲ್ಲ, ಕಿವಿಗೊಟ್ಟರು ಅಷ್ಟೇ. ಇಂದು ಪಾಡ್ದನ ಓದಬಯಸುವವರಿಗೆ ಆ ಪುಸ್ತಕವೇ ಮೊದಲ ಮೆಟ್ಟಿಲು.

ನಮ್ಮ ಜಿಲ್ಲೆಯಲ್ಲಿ ಒಂದೇ ಬಯಲಿನ ಸುತ್ತ ಭೂತಸ್ಥಾನ, ಮಸೀದಿ, ಇಗರ್ಜಿಗಳಿವೆ. ಒಂದೇ ಅಂಗಡಿಯ ಜಗಲಿಯಲ್ಲಿ ಕನ್ನಡ, ತುಳು, ಮಲೆಯಾಳ, ಕೊಂಕಣಿ ಕೇಳಿಸುತ್ತವೆ. ಭಾಷೆಗಾಗಿ ನ್ಯಾಯ ಕೇಳುವವರು ನಾವು, ಕೇಳಲೇಬೇಕು. ಆದರೆ ಕೇಳುವ ಭರದಲ್ಲಿ ಪಕ್ಕದ ಮನೆಯವನನ್ನೇ ಪಿಶಾಚಿ ಮಾಡಿಕೊಂಡರೆ ತಳಿಪರಂಬದ ಹೆಬಿಕರ ದಾರಿಯನ್ನೇ ಹಿಡಿದ ಹಾಗಾಗುತ್ತದೆ. ನವಿಲು, ಹುಲಿ, ಹಾವುಗಳನ್ನು ಮೊದಲು ನಮ್ಮೊಳಗೆ ಹುಡುಕುವುದು ಒಳ್ಳೆಯದು. ಆ ಚಿತ್ರವನ್ನು ಬಿಸಿಲಿನಲ್ಲಿ ಹೊತ್ತು ತಿರುಗಿದ ಹೆಬಿಕರಿಗೆ ನಾವು ಸಲ್ಲಿಸಬಹುದಾದ ಕೃತಜ್ಞತೆ ಇದೇ.